ಬೇಗಡೆಯ ಕತ್ತಿ, ಜಪಾನಿನ ಕವಚ

ಡಬ್ಲಿನ್ ವಿಮಾನ ನಿಲ್ದಾಣ

ನನ್ನ ಚೀಲದಿಂದ ಕತ್ತಿ ಹೊರಗೆ ಬಂದಾಗ ಕಸ್ಟಮ್ಸ್ ಅಧಿಕಾರಿ ನಗಲಿಲ್ಲ. ಉದ್ದದ ಮೇಜಿನ ಮೇಲೆ ನನ್ನ ಲುಂಗಿಗಳು, ತಂಗಿಗೆಂದು ತಂದ ಕುಚ್ಚಲಕ್ಕಿ, ಹಲಸಿನ ಹಪ್ಪಳದ ಕಟ್ಟು, ಅವುಗಳ ನಡುವೆ ಹಳೆಯ ಸೀರೆಯಲ್ಲಿ ಸುತ್ತಿದ ಉದ್ದದ ವಸ್ತು. ಅವರು ಸೀರೆಯನ್ನು ಮಲಗಿದ ಮಗುವಿನ ಹೊದಿಕೆ ತೆಗೆಯುವ ಹಾಗೆ ಮೆಲ್ಲಗೆ ಸರಿಸಿದರು. ಕತ್ತಿಗೆ ಅಂಟಿಸಿದ ಹೊಳೆಯುವ ಬೇಗಡೆ ಹಾಳೆ ಫಳ್ಳೆಂದಿತು. ನನ್ನ ಹಿಂದೆ ನಿಂತಿದ್ದ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು.

ನನಗೆ ಬರುವ ಇಂಗ್ಲಿಷು ಬಸ್ಸಿನ ಬೋರ್ಡು ಓದುವಷ್ಟು. "ವುಡ್ ಸರ್, ವುಡ್" ಎಂದು ಕತ್ತಿಯನ್ನು ಮೇಜಿಗೆ ಕುಟ್ಟಿ ತೋರಿಸಿದೆ. ಮರದ ಸದ್ದು ಕೇಳಿದ ಮೇಲೆ ಆ ಮನುಷ್ಯ ಕತ್ತಿಯನ್ನು ಎತ್ತಿದರು, ತೂಕ ನೋಡಿದರು, ಆಮೇಲೆ ಪಕ್ಕದ ಮೇಜಿನ ಗೆಳೆಯನ ಕಡೆಗೆ ತಿರುಗಿ ಒಮ್ಮೆ ಬೀಸಿಯೇ ಬಿಟ್ಟರು. ಆ ಗೆಳೆಯ ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಸತ್ತ. ನಮ್ಮ ಮೇಳದಲ್ಲಿ ಅಷ್ಟು ಚೆಂದಕ್ಕೆ ಸಾಯುವವರು ಕಡಿಮೆ. "ಗ್ರ್ಯಾಂಡ್" ಎಂದು ಹೇಳಿ ನನ್ನನ್ನು ಬಿಟ್ಟರು. ಅಲ್ಲಿದ್ದಷ್ಟು ದಿನ ಮತ್ತೆ ಮತ್ತೆ ಕಿವಿಗೆ ಬಿದ್ದ ಮಾತು ಅದು. ನಮ್ಮಲ್ಲಿ 'ಆಯ್ತು ಮಾರಾಯ' ಎಂದು ಎಲ್ಲದಕ್ಕೂ ಹೇಳುವುದಿಲ್ಲವೇ, ಹಾಗೆ.

ನಾನು ಯಕ್ಷಗಾನದ ಮೇಳದಲ್ಲಿ ವೇಷ ಕಟ್ಟುವವನು. ರಂಗಸ್ಥಳಕ್ಕೆ ನಾನು ಹೋಗುವುದಿಲ್ಲ. ಚೌಕಿಯಲ್ಲಿ, ಎಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚಪ್ಪರದ ಒಳಗೆ, ಅವರಿಗೆ ಕಿರೀಟ, ಭುಜಕೀರ್ತಿ, ಎದೆಪದಕ ಬಿಗಿಯುವುದು, ಆಟ ಮುಗಿದ ಮೇಲೆ ಬಿಚ್ಚಿ ಪೆಟ್ಟಿಗೆಗೆ ಹಾಕುವುದು ನನ್ನ ಕೆಲಸ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಇದಕ್ಕೆ ಸೇರಿದವನು. ಮೇ ಕೊನೆಯ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದ ಮೇಲೆ ಮಳೆಗಾಲವಿಡೀ ಕೈ ಖಾಲಿ. ತಂಗಿ ಶಶಿ ಐರ್ಲೆಂಡಿನಲ್ಲಿ ನರ್ಸ್. ಎಷ್ಟೋ ವರ್ಷದಿಂದ ಕರೆಯುತ್ತಿದ್ದವಳು ಈ ಸಲ ಟಿಕೆಟನ್ನೇ ಕಳಿಸಿದಳು. ಅವಳ ಮಗಳು ತನ್ವಿ ಅಲ್ಲಿಯೇ ಹುಟ್ಟಿದವಳು, ಹದಿಮೂರು ತುಂಬಿದೆ. ಫೋನಿನಲ್ಲಿ ಅವಳದು ಒಂದೇ ಮಾತು: "ಮಾವ, ಆ ಕತ್ತಿ ತನ್ನಿ. ಅಮ್ಮನನ್ನು ಸೇವ್ ಮಾಡಿದ ಕತ್ತಿ."

ಆ ಕತ್ತಿ ನನ್ನ ಹತ್ತಿರ ಇಲ್ಲ. ಹೊರಡುವ ವಾರ ಕೂತು ಹಗುರ ಮರ ಕೆತ್ತಿ, ಬೇಗಡೆ ಅಂಟಿಸಿ ಹೊಸದೊಂದು ಮಾಡಿದೆ.

ನಮ್ಮ ಮನೆಯಲ್ಲಿ ಹೇಳುವ ಕಥೆ ಹೀಗೆ. ಶಶಿ ಪಿಯುಸಿಯಲ್ಲಿದ್ದಾಗ ಊರ ಹತ್ತಿರದ ಗದ್ದೆಯಲ್ಲಿ ನಮ್ಮ ಮೇಳದ ಆಟವಿತ್ತು. ಬೈಗಿನ ಹೊತ್ತಿಗೆ ಅವಳು ನನಗೆ ಬುತ್ತಿ ತರುತ್ತಿದ್ದಳು. ಮೋರಿಯ ಹತ್ತಿರ ಮೂವರು ಕುಡಿದವರು ದಾರಿಗೆ ಅಡ್ಡ ನಿಂತು ಕೈ ಹಿಡಿಯಲು ಬಂದರು. ಆಗ ಅಣ್ಣ ಚೌಕಿಯಿಂದ ಕತ್ತಿ ಹಿಡಿದು ಹಾರಿ ಬಂದ. ಮೂವರೂ ಗದ್ದೆಯ ಕೆಸರಿನಲ್ಲಿ ಬಿದ್ದು ಎದ್ದು ಓಡಿದರು.

ಕಥೆಯಲ್ಲಿ ಬುತ್ತಿ ನಿಜ, ಮೋರಿ ನಿಜ, ಮೂವರು ನಿಜ. ನಾನು ಮಾತ್ರ ಸುಳ್ಳು. ನಾನು ಹೋಗಲಿಲ್ಲ. ಶಶಿಯೇ ಬುತ್ತಿಯ ಕ್ಯಾರಿಯರ್ ಬೀಸಿ ಒಬ್ಬನ ಹಣೆಗೆ ಬಾರಿಸಿದಳು. ಮನೆಗೆ ಹೋಗಿ ಅಣ್ಣ ಬಂದ ಎಂದು ಹೇಳಿದವಳೂ ಅವಳೇ. ಅವಳೇಕೆ ಹಾಗೆ ಹೇಳಿದಳು ಎಂದು ನಾನು ಕೇಳಲಿಲ್ಲ. ಅಲ್ಲವೆಂದು ಹೇಳಲೂ ಇಲ್ಲ. ಊರವರು ಬೆನ್ನು ತಟ್ಟಿದಾಗ ತಟ್ಟಿಸಿಕೊಂಡೆ.

ರಿಂಗಾಸ್ಕಿಡಿ

ಶಶಿಯ ಗಂಡ ದಿನೇಶ ಕಾರ್ಕ್ ಪಟ್ಟಣದ ಹತ್ತಿರದ ಈ ಊರಿನ ಔಷಧಿ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದಲ್ಲಿದ್ದಾನೆ. ಮನೆಯಿಂದ ನೋಡಿದರೆ ಒಂದು ಕಡೆ ಕಾರ್ಖಾನೆಗಳ ಕೊಳವೆಗಳು, ಇನ್ನೊಂದು ಕಡೆ ಫ್ರಾನ್ಸಿಗೆ ಹೋಗುವ ಹಡಗು ನಿಲ್ಲುವ ಕಟ್ಟೆ. ನಡುವೆ ಸಮುದ್ರ ಹಿನ್ನೀರಿನ ಹಾಗೆ ಸುಮ್ಮನೆ ಬಿದ್ದುಕೊಂಡಿರುತ್ತದೆ.

ಇಲ್ಲಿಯ ಜನ ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಹಿಂದಿನ ಬಾಗಿಲಿನಲ್ಲಿ ಇಳಿಯುವವರೂ ಅಲ್ಲಿಂದಲೇ ಕೂಗಿ ಹೇಳುತ್ತಾರೆ. ಮೊದಲ ಸಲ ಯಾರೋ ಜಗಳಕ್ಕೆ ನಿಂತರೆಂದು ನಾನು ಹೆದರಿದೆ. ನಮ್ಮ ಪುತ್ತೂರಿನ ಬಸ್ಸಿನಲ್ಲಿ ಹಾಗೆ ಕೂಗಿದರೆ ಚಿಲ್ಲರೆ ಬಾಕಿ ಉಂಟು ಎಂದೇ ಕಂಡಕ್ಟರ್ ತಿಳಿಯುತ್ತಾನೆ. ಇನ್ನೊಂದು, ಚಹಾ. ಪಕ್ಕದ ಮನೆಯ ಅಜ್ಜಿ ಕರೆದು ಚಹಾ ಬೇಕಾ ಎಂದರು. ಬೇಡ ಎಂದೆ. ಮತ್ತೆ ಕೇಳಿದರು, ಮತ್ತೆ ಬೇಡ ಎಂದೆ. ಮೂರನೆಯ ಸಲ ಕೇಳದೆ ತಂದಿಟ್ಟರು. ನಮ್ಮೂರಿನದೇ ಕ್ರಮ. ಅಷ್ಟು ದೂರ ಹೋಗಿ ನನಗೆ ಮನೆಗೆ ಬಂದ ಹಾಗಾದದ್ದು ಅಲ್ಲಿಯೇ.

ಶಶಿಯ ಮನೆಯಲ್ಲಿ ಹಾಗಾಗಲಿಲ್ಲ. ಕಾರಣ ಅಡುಗೆಮನೆಯ ಕಪಾಟಿನ ಮೇಲಿತ್ತು. ಆ ಕ್ಯಾರಿಯರ್. ಕೆಳಗಿನ ಡಬ್ಬಿ ಒಂದು ಬದಿಗೆ ತಗ್ಗಾದದ್ದು ಹಾಗೆಯೇ ಇದೆ. ಅದರಲ್ಲಿ ಒಣಮೆಣಸು ತುಂಬಿಸಿಟ್ಟಿದ್ದಾಳೆ. ನೀರು ಕುಡಿಯಲು ಹೋದಾಗಲೆಲ್ಲ ನಾನು ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದೆ.

ತನ್ವಿ ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡೇ ಊಟ ಮಾಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ನನಗಾಗಿ ಮಾತ್ರ ಕಷ್ಟಪಟ್ಟು ಕನ್ನಡ ಹೊರಡಿಸುತ್ತಿದ್ದಳು. ಕಾರ್ಕ್ ಪಟ್ಟಣದಲ್ಲಿ ಜಪಾನಿನ ಸಮುರಾಯಿಗಳ ಸಣ್ಣದೊಂದು ಪ್ರದರ್ಶನ ಬಂದಿದೆಯಂತೆ. ಶನಿವಾರ ಅದರ ಪಕ್ಕದ ಲೈಬ್ರರಿಯಲ್ಲಿ ಮಕ್ಕಳು ತಮ್ಮ ತಮ್ಮ ಮನೆತನದ ವೀರರ ಬಗ್ಗೆ ಮಾತಾಡಬೇಕಂತೆ.

"ಬೇರೆಯವರು ಡೆಡ್ ಪೀಪಲ್ ಬಗ್ಗೆ ಹೇಳ್ತಾರೆ ಮಾವ. ನಂದು ಮಾತ್ರ ಲೈವ್. ನೀವು ನನ್ನ ಪಕ್ಕ ನಿಲ್ಬೇಕು, ಕತ್ತಿ ಹಿಡ್ದು. ನಮ್ಮ ಮನೆಯ ಸಮುರಾಯ್."

"ಲುಂಗಿ ಉಟ್ಟ ಸಮುರಾಯ್" ಎಂದ ದಿನೇಶ. "ಭಾವ, ಮೀಸೆ ಒಂಚೂರು ಬಿಡಿ, ಶನಿವಾರಕ್ಕೆ ಆಗ್ತದೆ."

ಎಲ್ಲರೂ ನಕ್ಕರು. ಶಶಿಯೂ ನಕ್ಕಳು. ನಾನು ಅವಳ ಮುಖ ನೋಡಿದೆ. ಏನೂ ಗೊತ್ತಾಗಲಿಲ್ಲ.

ಕಾರ್ಕ್

ಶನಿವಾರಕ್ಕೆ ಮೊದಲೇ ತನ್ವಿ ನನಗೆ ತೋರಿಸಿದ ಆ ಪ್ರದರ್ಶನವೆಂದರೆ ಒಂದು ದೊಡ್ಡ ಕೋಣೆ. ಗಾಜಿನ ಪೆಟ್ಟಿಗೆಗಳಲ್ಲಿ ಬಾಣದ ಮೊನೆ, ಚಿತ್ರಪಟ, ಎರಡು ಕತ್ತಿ. ನಡುವೆ ಕೂತ ಭಂಗಿಯಲ್ಲಿ ಒಂದು ಪೂರ್ತಿ ಕವಚ. ತಲೆಗೆ ಕೊಂಬಿನ ಶಿರಸ್ತ್ರಾಣ, ಮುಖಕ್ಕೆ ಮೀಸೆಯಿದ್ದ ಕಬ್ಬಿಣದ ಮುಖವಾಡ, ಮೈತುಂಬ ಮೆರುಗೆಣ್ಣೆ ಬಳಿದ ತಗಡಿನ ಪಟ್ಟಿಗಳು, ಅವನ್ನು ಹೆಣೆದ ನೀಲಿ ರೇಷ್ಮೆಯ ದಾರ. ನನಗೆ ಮೊದಲು ಕಂಡದ್ದು ಆ ದಾರ. ಕವಚ ತೊಟ್ಟವನ ಕೈ ಬೆನ್ನಿನ ಕಡೆಗೆ ಎಟಕುವುದಿಲ್ಲ. ಹಾಗಾದರೆ ಅದನ್ನು ಕಟ್ಟಿಕೊಡಲು ಹಿಂದೆ ಒಬ್ಬ ಇದ್ದಿರಲೇಬೇಕು.

ಅಲ್ಲಿ ವಿವರಿಸುವವರು ಡೋನಲ್ ಎಂಬ ವಯಸ್ಸಾದವರು. ಕೆಲಸದಿಂದ ನಿವೃತ್ತರಾಗಿ ಖುಷಿಗೆ ಇದನ್ನು ಮಾಡುತ್ತಾರಂತೆ. ತನ್ವಿ ಅವರ ಮಾತನ್ನು ನನಗೆ ತುಂಡು ತುಂಡಾಗಿ ಕನ್ನಡ ಮಾಡುತ್ತಿದ್ದಳು.

"ಮಾವ, ಅವರು ಹೇಳ್ತಾರೆ, ಬರುವವರೆಲ್ಲ ಫಸ್ಟ್ ಕೇಳೂದು, ಬ್ಲಡ್ ಎಲ್ಲಿ ಅಂತ."

"ಎಲ್ಲುಂಟಂತೆ?"

"ಇಲ್ವಂತೆ! ಇದು ಫೈಟಿಗೆ ಹೋಗ್ಲೇ ಇಲ್ಲ. ನೆವರ್."

ಕಥೆ ಹೀಗಂತೆ. ಜಪಾನಿನಲ್ಲಿ ಒಂದು ಕಾಲದ ನಂತರ ಇನ್ನೂರು ವರ್ಷಕ್ಕೂ ಮಿಕ್ಕಿ ದೊಡ್ಡ ಯುದ್ಧವೇ ಆಗಲಿಲ್ಲ. ಇಂಥ ಚೆಂದದ ಕವಚಗಳು ಹೆಚ್ಚಿನವು ಆ ಶಾಂತಿಯ ದಿನಗಳಲ್ಲಿ ಮಾಡಿದವು. ಮೆರವಣಿಗೆಗೆ ಹಾಕುವುದು, ಮನೆಯಲ್ಲಿ ನಾಲ್ಕು ಜನಕ್ಕೆ ಕಾಣುವ ಹಾಗೆ ಇಡುವುದು. ಅಂದರೆ ವೇಷ. ನನಗೆ ತಟ್ಟನೆ ಅರ್ಥವಾಯಿತು.

ಸಿನಿಮಾದಲ್ಲಿ ಸಮುರಾಯಿ ಒಬ್ಬನೇ ಕತ್ತಿಯಿಂದ ನಲವತ್ತು ಜನರನ್ನು ಕಡಿಯುತ್ತಾನೆ, ಮಾನ ಹೋದರೆ ಕ್ಷಣ ತಡಮಾಡದೆ ಹೊಟ್ಟೆ ಸೀಳಿಕೊಳ್ಳುತ್ತಾನೆ ಎಂದು ತನ್ವಿ ವಾದಿಸಿದಳು. ಡೋನಲ್ ತಲೆಯಾಡಿಸಿದರು. ಹಾಗೆ ಸತ್ತವರು ಇದ್ದರು, ಇಲ್ಲವೆಂದಲ್ಲ. ಆದರೆ ಯುದ್ಧವಿದ್ದ ಕಾಲದಲ್ಲಿ ಅವರು ನಂಬಿದ್ದು ಬಿಲ್ಲನ್ನು, ಈಟಿಯನ್ನು, ಆಮೇಲೆ ಕೋವಿಯನ್ನು. ಗೆಲ್ಲುವ ಕಡೆ ನೋಡಿ ಪಕ್ಷ ಬದಲಿಸಿದ ದೊರೆಗಳೂ ಇದ್ದರು. ಯುದ್ಧ ನಿಂತ ಮೇಲೆ ಹೆಚ್ಚಿನವರು ದೊರೆಯ ಕಚೇರಿಯಲ್ಲಿ ಬರೆಯುವ ಕೆಲಸ, ಅಕ್ಕಿಯ ಉಗ್ರಾಣ ನೋಡುವ ಕೆಲಸ. ಸಣ್ಣ ದರ್ಜೆಯ ಕೆಲವರು ಸಂಸಾರ ಸಾಗದೆ ಮನೆಯಲ್ಲಿ ಕೂತು ಕೊಡೆ ಮಾಡಿ ಮಾರಿದರಂತೆ. ಹಾಗೆ ಯುದ್ಧ ಕಾಣದೆ ಕೂತವರೇ ಸಾವಿನ, ಮಾನದ ದೊಡ್ಡ ದೊಡ್ಡ ಮಾತುಗಳನ್ನು ಬರೆದದ್ದು. ನಾಟಕದವರು ಅದಕ್ಕೆ ಬಣ್ಣ ಹಚ್ಚಿದರು.

ಕೊಡೆಯ ಮಾತು ಬಂದಾಗ ಹೊರಗೆ ಮಳೆ ಹನಿಯುತ್ತಿತ್ತು. ಡೋನಲ್ ಕಿಟಕಿಯ ಕಡೆ ಕೈ ತೋರಿಸಿ ಏನೋ ಹೇಳಿದರು. ತನ್ವಿ ನಕ್ಕು, "ಇಲ್ಲಿಗೆ ಬಂದಿದ್ರೆ ರಿಚ್ ಆಗ್ತಿದ್ರು ಅಂತೆ" ಎಂದಳು.

ಆಮೇಲೆ ಅವಳೇ ಕೇಳಿದ ಪ್ರಶ್ನೆಯನ್ನು ನನಗೂ ಹೇಳಿದಳು. "ಹೆದರಿ ಓಡಿದವರು ಇದ್ರಾ ಅಂತ ಕೇಳ್ದೆ. ಇದ್ರಂತೆ. ತುಂಬಾ. ಬಟ್ ಅವರ ಸ್ಟೋರಿ ಸಿಗೂದಿಲ್ಲ. ಯಾರೂ ಹೇಳೂದಿಲ್ಲ ಅಲ್ವಾ, ನಾನು ಓಡಿದೆ ಅಂತ."

ಕವಚದ ಮುಖವಾಡದ ಹಿಂದೆ ಮುಖವಿರಲಿಲ್ಲ. ಕತ್ತಲೆ ಇತ್ತು. ನಾನು ಅದನ್ನೇ ನೋಡುತ್ತ ನಿಂತೆ.

ಇಲ್ಲಿ ನಾನು ಆ ದಿನದವರೆಗೆ ಯಾರಿಗೂ ಹೇಳದಿದ್ದ ಸಂಗತಿಯನ್ನು ಬರೆಯಬೇಕು. ನಾನು ಬರಲಿಲ್ಲ ಎಂಬುದು ಶಶಿಗೆ ಗೊತ್ತಿತ್ತು. ಅಣ್ಣ ಚೌಕಿಯ ಒಳಗೆ ಕೆಲಸದಲ್ಲಿದ್ದ, ಪಾಪ ಅವನಿಗೆ ತಿಳಿಯಲಿಲ್ಲ, ಹಾಗೆಂದು ಅವಳು ಎಣಿಸಿದ್ದಾಳೆ ಎಂಬ ಧೈರ್ಯದಲ್ಲಿ ನಾನು ಇಷ್ಟು ವರ್ಷ ಅವಳ ಮುಖ ನೋಡಿದೆ. ನಿಜ ಬೇರೆ. ಆ ಬೈಗಿನಲ್ಲಿ ನಾನು ಚೌಕಿಯ ಹಿಂದೆ ಹೊರಗೆ ನಿಂತು ಒಂದು ಕತ್ತಿಗೆ ಬೇಗಡೆ ಅಂಟಿಸುತ್ತಿದ್ದೆ. ಮೋರಿಯ ಹತ್ತಿರ ಮೂವರು ನಿಂತದ್ದನ್ನು ನೋಡಿದೆ. ಅವಳನ್ನೂ ನೋಡಿದೆ. ಕತ್ತಿ ಕೈಯಲ್ಲೇ ಇತ್ತು, ಮರದ್ದಾದರೂ ದೂರಕ್ಕೆ ಕತ್ತಿಯೇ. ಕೂಗಿದರೂ ಸಾಕಿತ್ತು, ಒಳಗೆ ಇಪ್ಪತ್ತು ಜನ ಇದ್ದರು. ನಾನು ಒಳಗೆ ಹೋದೆ. ಒಬ್ಬರಿಗೆ ಕಿರೀಟ ಕಟ್ಟಲು ಶುರುಮಾಡಿದೆ. ಅವರಿನ್ನೂ ಮುಖಕ್ಕೆ ಬಣ್ಣವನ್ನೇ ಹಚ್ಚಿರಲಿಲ್ಲ. "ಈಗಲೇ ಎಂತ ಗಡಿಬಿಡಿ?" ಎಂದು ಬೈದರು.

ಹಡಗು ಕಟ್ಟೆ

ಐರ್ಲೆಂಡಿನ ಬೇಸಿಗೆಯಲ್ಲಿ ಬೈಗು ಮುಗಿಯುವುದೇ ಇಲ್ಲ. ಊಟವಾಗಿ, ಪಾತ್ರೆ ತೊಳೆದು, ಇನ್ನೇನು ಮಲಗಬೇಕು ಎನ್ನುವಾಗಲೂ ಆಕಾಶದಲ್ಲಿ ಬೆಳಕು. ನಮ್ಮಲ್ಲಿ ಬೈಗೆಂದರೆ ದೀಪ ಹಚ್ಚುವುದರೊಳಗೆ ಕತ್ತಲೆ. ಅಲ್ಪ ಹೊತ್ತಿನ ಕಷ್ಟ. ಇಲ್ಲಿ ಅದನ್ನು ದಾಟುವುದೇ ದೊಡ್ಡ ಕೆಲಸವಾಯಿತು ನನಗೆ.

ಶುಕ್ರವಾರ ಶಶಿಯೂ ನಾನೂ ನಡೆಯುತ್ತ ಕಟ್ಟೆಯ ಕಡೆಗೆ ಹೋದೆವು. ಫ್ರಾನ್ಸಿನ ಹಡಗು ಬಾಯಿ ತೆರೆದು ನಿಂತಿತ್ತು.

"ಶಶಿ, ನಾಳೆ ನಾನು ಬರೂದಿಲ್ಲ."

"ಎಂತಕ್ಕೆ?"

"ಅವಳು ನನ್ನನ್ನು ನಿಲ್ಲಿಸಿ ಆ ಕಥೆ ಹೇಳ್ತಾಳೆ."

"ಹೇಳ್ಲಿ. ನಿನ್ನ ಗಂಟು ಎಂತ ಹೋಗ್ತದೆ?"

"ನಾನು ಅವತ್ತು ಬರ್ಲಿಲ್ಲ."

"ಅಯ್ಯೋ ಮಾರಾಯ, ಕಥೆ ಕಟ್ಟಿದ್ದೇ ನಾನು. ನಿಜ ಹೇಳಿದ್ರೆ ಅಪ್ಪ ಮರುದಿನವೇ ಕಾಲೇಜು ಬಿಡಿಸ್ತಿದ್ರು. ಕಾಯ್ಲಿಕ್ಕೆ ಅಣ್ಣ ಇದ್ದಾನೆ ಅಂತಾದ ಮೇಲೆ ಅಲ್ವಾ ನನ್ನನ್ನು ನರ್ಸಿಂಗಿಗೆ ಕಳಿಸಿದ್ದು?"

"ಅದಲ್ಲ. ನಾನು ಒಳಗಿದ್ದೆ, ಗೊತ್ತಾಗ್ಲಿಲ್ಲ ಅಂತ ನೀನು ಎಣಿಸಿದ್ದಿ. ನಾನು ಹೊರಗೇ ಇದ್ದೆ. ನೋಡಿದೆ. ನೋಡಿಯೇ ಒಳಗೆ ಹೋದೆ."

ಅವಳು ಹಡಗನ್ನು ನೋಡುತ್ತಿದ್ದಳು. ಒಂದೊಂದೇ ಕಾರು ಅದರ ಹೊಟ್ಟೆಯೊಳಗೆ ಹೋಗುತ್ತಿತ್ತು.

"ಬೇಗಡೆ ಹೊಳೀತು ಅಣ್ಣ."

"ಎಂತ?"

"ನಿನ್ನ ಕೈಯ ಕತ್ತಿ. ಚೌಕಿಯ ಹಿಂದೆ ಫಳ್ ಅಂತ ಹೊಳೀತು. ಅಣ್ಣ ಕಂಡ, ಈಗ ಬರ್ತಾನೆ ಅಂತ ನಾನು ನಿಂತೆ. ಮತ್ತೆ ಹೊಳೀಲಿಲ್ಲ. ಆಗ ಬುತ್ತಿ ಬೀಸಿದೆ."

ಅಷ್ಟು ವರ್ಷ ಯಾವುದನ್ನು ಮುಚ್ಚಿಟ್ಟಿದ್ದೆನೋ ಅದು ಮೊದಲ ದಿನದಿಂದ ಅವಳ ಹತ್ತಿರವೇ ಇತ್ತು.

"ಸಿಟ್ಟು ಬರ್ಲಿಲ್ವಾ?"

"ಬಾರದೆ? ಎರಡು ವರ್ಷ ನಿನಗೆ ಬಡಿಸುವಾಗ ಸಾರಿನ ಮೇಲಿನ ತಿಳಿ ಮಾತ್ರ ಹಾಕಿದ್ದೇನೆ, ಅಡಿಯ ಮೀನು ಕೊಡದೆ. ನಿನಗೆ ಗೊತ್ತೇ ಆಗ್ಲಿಲ್ಲ." ಅವಳು ಸ್ವಲ್ಪ ನಕ್ಕಳು. ಆಮೇಲೆ ನಗಲಿಲ್ಲ. "ಇಲ್ಲಿಗೆ ಬಂದ ಹೊಸತರಲ್ಲಿ ದಿನೇಶನಿಗೆ ಬರೀ ರಾತ್ರಿ ಪಾಳಿ. ಮಗು ಸಣ್ಣದು. ಗಾಳಿಗೆ ಬಾಗಿಲು ಬಡೀವಾಗ ಆ ಕಥೆ ಹೇಳ್ತಿದ್ದೆ. ಅವಳಿಗೆ ಎಂತ ಅರ್ಥ ಆಗ್ತದೆ ಆಗ? ನನಗೇ ಹೇಳಿಕೊಂಡದ್ದು. ಕತ್ತಿ ಹಿಡ್ಕೊಂಡು ಬರುವ ಒಬ್ಬ ಅಣ್ಣ ನನಗೆ ಬೇಕಿತ್ತು. ಹೇಳಿ ಹೇಳಿ ಈಗ ಕೆಲವು ಸಲ ನೀನು ಬಂದದ್ದೇ ಕಂಡ ಹಾಗಾಗ್ತದೆ. ಅದನ್ನೂ ಇವತ್ತು ತೆಗೆದಿ."

"ನಾನು ಹೇಳಬಾರದಿತ್ತಾ?"

"ಗೊತ್ತಿಲ್ಲ." ತಿರುಗಿ ನಡೆಯಲು ಶುರುಮಾಡಿದಳು. ಸ್ವಲ್ಪ ದೂರ ಹೋದ ಮೇಲೆ ಹೇಳಿದಳು, "ತನ್ವಿಗೆ ನೀನೇ ಹೇಳು. ಕಟ್ಟಿದ್ದು ನಾನು. ಬಿಚ್ಚಿ ಪೆಟ್ಟಿಗೆಗೆ ಹಾಕೂದು ನಿನ್ನ ಕೆಲಸ."

ಲೈಬ್ರರಿ

ಶನಿವಾರ ಬೆಳಿಗ್ಗೆ ತನ್ವಿ ಅವಲಕ್ಕಿಯಂಥದ್ದೇನೋ ಹಾಲಿಗೆ ಹಾಕಿಕೊಂಡು ತಿನ್ನುತ್ತಿದ್ದಾಗ ಹೇಳಿದೆ. ಪೂರ್ತಿ ಹೇಳಿದೆ. ಅವಳು ಚಮಚ ಕೆಳಗಿಟ್ಟಳು.

"ಎಷ್ಟು ಹೊತ್ತು ನೋಡಿದ್ರಿ?"

ಇಷ್ಟು ವರ್ಷ ನನ್ನನ್ನು ನಾನೇ ಕೇಳಿಕೊಳ್ಳದ ಪ್ರಶ್ನೆ. "ಅವರು ಬುತ್ತಿಗೆ ಕೈ ಹಾಕುವವರೆಗೆ."

ಅವಳು ಬಟ್ಟಲು ಎತ್ತಿಕೊಂಡು ಮಹಡಿಗೆ ಹೋದಳು. ಬಾಗಿಲು ಹಾಕಿದ ಸದ್ದು ಕೇಳಿತು. ಹೊರಡುವ ಹೊತ್ತಿಗೆ ಇಳಿದು ಬಂದು ನನ್ನ ಕಡೆ ನೋಡದೆ ಕಪಾಟಿನಿಂದ ಕ್ಯಾರಿಯರ್ ಇಳಿಸಿದಳು, ಒಣಮೆಣಸನ್ನು ಪಾತ್ರೆಯೊಂದಕ್ಕೆ ಸುರಿದಳು. ಬಗಲಲ್ಲಿ ಕತ್ತಿಯೂ ಇತ್ತು.

ಲೈಬ್ರರಿಯಲ್ಲಿ ಮಕ್ಕಳು ನೆಲದ ಮೇಲೆ, ದೊಡ್ಡವರು ಹಿಂದೆ ಕುರ್ಚಿಗಳಲ್ಲಿ. ಒಬ್ಬ ಹುಡುಗ ಮುತ್ತಜ್ಜನ ಪದಕ ತಂದಿದ್ದ, ಒಬ್ಬಳು ಯಾರದೋ ಫೋಟೋ. ತನ್ವಿಯ ಸರದಿ ಬಂತು. ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ, ಅದೂ ಅಲ್ಲಿಯವರ ರಾಗದಲ್ಲಿ. ನನಗೆ ಒಂದಕ್ಷರ ಹಿಡಿಯಲಿಲ್ಲ. ಆದರೆ ಹುಟ್ಟಿನಿಂದ ಆಟ ನೋಡಿದವನಿಗೆ ಅಭಿನಯ ಸಾಕಲ್ಲ. ಅವಳು ಕತ್ತಿಯನ್ನು ಎತ್ತಿ ಹಿಡಿದಳು. ಕಿಟಕಿಯ ಬೆಳಕಿಗೆ ಬೇಗಡೆ ಹೊಳೆಯಿತು. ಮಕ್ಕಳು ಓ ಎಂದರು. ಅವಳು ಹಾಗೆಯೇ ಹಿಂದೆ ಹಿಂದೆ ನಡೆದು ಪುಸ್ತಕದ ಕಪಾಟಿನ ಹಿಂದೆ ಮರೆಯಾದಳು. ಅವಳು ಬೇಕೆಂದೇ ತಡಮಾಡಿದಳು. ಆ ತಡವನ್ನು ನಾನು ಕೂತಲ್ಲಿಯೇ ಸಹಿಸಬೇಕಾಯಿತು.

ಮತ್ತೆ ಹೊರಬಂದಾಗ ಅವಳ ಕೈಯಲ್ಲಿ ಕ್ಯಾರಿಯರ್ ಇತ್ತು. ಒಮ್ಮೆ ಬೀಸಿದಳು. ತಗ್ಗಾದ ಜಾಗವನ್ನು ಮುಂದಿನ ಸಾಲಿನವರಿಗೆ ಮುಟ್ಟಿ ನೋಡಲು ಕೊಟ್ಟಳು. ಆಮೇಲೆ ಬೆರಳು ಮಾಡಿ ತೋರಿಸಿದ್ದು ಕೊನೆಯ ಸಾಲಿನ ಶಶಿಯನ್ನು. ಎಲ್ಲರೂ ತಿರುಗಿದರು. ಶಶಿ ಕೂಡಲೇ ಶಾಲು ಸರಿಮಾಡಿಕೊಂಡು ನೆಲ ನೋಡಿದಳು.

ಒಂದು ಸಣ್ಣ ಹುಡುಗಿ ಏನೋ ಕೇಳಿತು. ತನ್ವಿ ನನ್ನ ಕಡೆ ತಿರುಗಿ, ಎಲ್ಲರ ಎದುರಿಗೆ, ಕನ್ನಡದಲ್ಲಿ ಕೇಳಿದಳು: "ಆಗ ಮಾವ ಎಂತ ಮಾಡ್ತಿದ್ರು ಅಂತ ಕೇಳ್ತಾಳೆ."

ನಾನು ಎದ್ದು ನಿಂತೆ. ಸಾವಿರಾರು ಆಟಗಳಿಗೆ ವೇಷ ಕಟ್ಟಿದ್ದೇನೆ, ಜನರ ಎದುರು ನಿಂತದ್ದು ಅದೇ ಮೊದಲು. "ಕಿರೀಟ ಕಟ್ತಿದ್ದೆ" ಎಂದೆ. "ಹೆದರಿಕೆಯಾಗಿತ್ತು."

ತನ್ವಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಯಾರೂ ನಗಲಿಲ್ಲ, ಚಪ್ಪಾಳೆಯೂ ಬರಲಿಲ್ಲ. ಆ ಸಣ್ಣ ಹುಡುಗಿ ಸರಿ ಎನ್ನುವ ಹಾಗೆ ತಲೆ ಅಲ್ಲಾಡಿಸಿತು. ಮುಂದಿನ ಮಗು ತನ್ನ ಫೋಟೋ ಹಿಡಿದು ಎದ್ದಿತು.

ಹೊರಗೆ ಬರುವಾಗ ಡೋನಲ್ ಬಂದು ಕೈ ಕುಲುಕಿದರು. ಬಸ್ಸಿನಲ್ಲಿ ತನ್ವಿ ನನ್ನ ಪಕ್ಕದಲ್ಲೇ ಕೂತಳು. "ನನಗೆ ಇನ್ನೂ ಸಿಟ್ಟು ಉಂಟು" ಎಂದಳು. "ಇರಲಿ" ಎಂದೆ. ಇಳಿಯುವಾಗ ಇಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಕೂಗಿದೆವು.

ಮತ್ತೆ ಡಬ್ಲಿನ್

ಹೊರಡುವ ದಿನ ಬೀಳ್ಕೊಡಲು ಮೂವರೂ ಬಂದಿದ್ದರು. ಕತ್ತಿ ತನ್ವಿಯ ಕೋಣೆಯಲ್ಲಿ ಉಳಿಯಿತು. ಅವಳು ಅದನ್ನು ಗೋಡೆಗೆ ತೂಗುಹಾಕಲಿಲ್ಲ, ಪುಸ್ತಕಗಳ ಪಕ್ಕ ಒರಗಿಸಿಟ್ಟಿದ್ದಾಳೆ.

ವಿಮಾನ ನಿಲ್ದಾಣದೊಳಗೆ ಶಶಿ ತನ್ನ ದೊಡ್ಡ ಚೀಲದಿಂದ ಆ ಕ್ಯಾರಿಯರ್ ತೆಗೆದಳು. ಮುಟ್ಟಿದರೆ ಬಿಸಿ ಇತ್ತು.

"ಎಂತದಿದು?"

"ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು. ಅವತ್ತಿನದ್ದು ಮೋರಿಯಲ್ಲಿ ಚೆಲ್ಲಿತಲ್ಲ."

"ಸಾರು ಒಳಗೆ ಬಿಡ್ಲಿಕ್ಕಿಲ್ಲ ಮಾರಾಯ್ತಿ" ಎಂದ ದಿನೇಶ.

"ಒಳಗೆ ಯಾಕೆ? ಇಲ್ಲೇ ತಿನ್ತಾನೆ."

ಪೆಟ್ಟಿಗೆ ಎಳೆದುಕೊಂಡು ಓಡುವ ಜನರ ನಡುವೆ ಒಂದು ಬೆಂಚಿನಲ್ಲಿ ಕೂತು ನಾನು ಕೈಯಿಂದ ಉಂಡೆ. ಬಂಗುಡೆಯ ವಾಸನೆಗೆ ಇಬ್ಬರು ಮೂವರು ತಿರುಗಿ ನೋಡಿ, "ಸಾರಿ" ಎಂದು ಅವರೇ ಹೇಳಿ ದೂರ ಸರಿದರು. ಡಬ್ಬಿಯ ಅಡಿಯಲ್ಲಿ ಮೀನಿನ ನಡುತುಂಡು ಇತ್ತು. ಶಶಿ ಎದುರಿಗೆ ನಿಂತು, ಚಿಕ್ಕಂದಿನಲ್ಲಿ ನಿಲ್ಲುತ್ತಿದ್ದ ಹಾಗೆ, ನಾನು ತಿನ್ನುವುದನ್ನೇ ನೋಡುತ್ತಿದ್ದಳು.

"ಉಪ್ಪು ಸರಿ ಉಂಟಾ?"

ನಾನು ಇನ್ನೊಂದು ತುತ್ತು ತಿಂದು ನೋಡಿದೆ. "ಸ್ವಲ್ಪ ಕಮ್ಮಿ."

"ಸರಿ ಉಂಟು ಅಂತ ಹೇಳಬಹುದಿತ್ತು" ಎಂದಳು ಶಶಿ, ಖಾಲಿಯಾದ ಡಬ್ಬಿಗಾಗಿ ಕೈ ಚಾಚುತ್ತ.